ಗಲ್ಲಾಪೆಟ್ಟಿಗೆಯ ಮುಂದಿನ ದಾನ

ಸರಕು ಕೊಂಡ ಗ್ರಾಹಕನು ಹಣ ಕೊಡಲು ನಿಂತಾಗ, 497 ರೂಪಾಯಿಯ ಬಿಲ್ಲನ್ನು 500 ಮಾಡಿ ಉಳಿದ 3 ರೂಪಾಯಿಯನ್ನು ಊರಿನ ಆಸ್ಪತ್ರೆಗೋ ಅನಾಥಾಶ್ರಮಕ್ಕೋ ಸೇರಿಸಬಹುದೇ ಎಂದು ಕೇಳುವ ಪದ್ಧತಿ ದೊಡ್ಡ ಮಳಿಗೆಗಳಲ್ಲಿ ರೂಢಿಗೆ ಬಂದಿದೆ. ಸಿನಿಮಾ ಟಿಕೆಟಿನಲ್ಲಿಯೂ ಮನೆಗೆ ತರಿಸುವ ಊಟದ ಬಿಲ್ಲಿನಲ್ಲಿಯೂ ಒಂದೆರಡು ರೂಪಾಯಿಯ ಇಂತಹ ಬೇಡಿಕೆ ಕಾಣಿಸುತ್ತದೆ. ಬಸದಿಗಳ ಟ್ರಸ್ಟುಗಳೂ ವಿದ್ಯಾರ್ಥಿನಿಲಯಗಳೂ ಗೋಶಾಲೆಗಳೂ ಸಮಾಜದ ವರ್ತಕರ ಮೂಲಕ ಇದೇ ದಾರಿಯಲ್ಲಿ ಹಣ ಕೂಡಿಸಲು ಮನಸ್ಸು ಮಾಡುವುದು ಸಹಜ. ಆದುದರಿಂದ ಈ ಪದ್ಧತಿಯ ಗುಣದೋಷಗಳನ್ನು ಶ್ರಾವಕಧರ್ಮದ ದೃಷ್ಟಿಯಿಂದ ಒರೆಗೆ ಹಚ್ಚುವುದು ಅಗತ್ಯವಾಗಿದೆ.

ಮೊದಲು ಇದರ ಗುಣವನ್ನು ಒಪ್ಪಿಕೊಳ್ಳಬೇಕು. ಅಮೆರಿಕದಲ್ಲಿ 1983ರಲ್ಲಿ ಆರಂಭವಾದ ಚಿಲ್ಡ್ರನ್ಸ್ ಮಿರಾಕಲ್ ನೆಟ್‌ವರ್ಕ್ ಎಂಬ ಸಂಸ್ಥೆ ಮಕ್ಕಳ ಆಸ್ಪತ್ರೆಗಳಿಗಾಗಿ ಅಂಗಡಿಗಳಲ್ಲಿ ಹಣ ಕೂಡಿಸುತ್ತ ಬಂದಿದೆ. ಒಂದು ಡಾಲರ್ ಕೊಟ್ಟವನು ಕಾಗದದ ಬಲೂನಿನ ಮೇಲೆ ತನ್ನ ಹೆಸರು ಬರೆದರೆ ಅದನ್ನು ಅಂಗಡಿಯಲ್ಲಿಯೇ ತೂಗುಹಾಕುತ್ತಾರೆ; ಕೂಡಿದ ಹಣ ಆ ಸೀಮೆಯ ಆಸ್ಪತ್ರೆಗೇ ಸಲ್ಲುತ್ತದೆ. ವಾಲ್‌ಮಾರ್ಟ್ ಮಳಿಗೆಗಳು 1987ರಿಂದ ಇದರಲ್ಲಿ ಪಾಲುಗೊಂಡಿವೆ. ಇಂಗ್ಲೆಂಡಿನಲ್ಲಿ 2010ರಲ್ಲಿ ಮೊದಲಾದ ಪೆನ್ನೀಸ್ ಎಂಬ ಸಂಸ್ಥೆ, ಕಾರ್ಡಿನಲ್ಲಿ ಹಣ ಕೊಡುವವರಿಗಾಗಿ ಹಳೆಯ ಕಾಣಿಕೆ ಡಬ್ಬಿಯ ಜಾಗದಲ್ಲಿ ಯಂತ್ರದ ಡಬ್ಬಿಯನ್ನು ಇರಿಸಿತು. ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಸತ್ಯವಾಗಿದೆ. ಬಡವನೂ ದಾತೃವಾಗುವ ಅವಕಾಶವಿದೆ ಎಂಬುದೂ ಸಣ್ಣ ಸಂಗತಿಯಲ್ಲ.

ಭಾರತದ ವರ್ತಕರಿಗೆ ಇದು ಹೊಸತೂ ಅಲ್ಲ. ಮಂಡಿಗಳಲ್ಲಿ ಮಾರಾಟದ ಚೀಟಿಯ ಮೇಲೆ ‘ಧರ್ಮಾದಾಯ’ವೆಂದು ಚಿಲ್ಲರೆ ಮೊತ್ತವನ್ನು ಹಿಡಿದು, ಅದನ್ನು ಪ್ರತ್ಯೇಕ ಖಾತೆಯಲ್ಲಿ ಬರೆದು ಧರ್ಮಕಾರ್ಯಕ್ಕೆ ವಿನಿಯೋಗಿಸುವ ರೂಢಿ ಬಹುಕಾಲದ್ದು. 1950ರ ಮುಂಬಯಿ ಸಾರ್ವಜನಿಕ ನ್ಯಾಸ ಕಾಯಿದೆ ಇದಕ್ಕೆಂದೇ ಒಂದು ಕಲಮನ್ನು ಇರಿಸಿ, ಧರ್ಮಾದಾಯವನ್ನು ಕೂಡಿಸಿದ ವರ್ತಕನು ಆ ಹಣಕ್ಕೆ ಒಡೆಯನಲ್ಲ, ವಿಶ್ವಸ್ತ ಮಾತ್ರ ಎಂದು ವಿಧಿಸಿತು. ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳು ಆಗ ಮುಂಬಯಿ ರಾಜ್ಯದಲ್ಲಿಯೇ ಇದ್ದುದರಿಂದ ಅಲ್ಲಿಯ ಪೇಟೆಗಳಿಗೂ ಈ ನಿಯಮ ಅನ್ವಯಿಸಿತು. 1979ರಲ್ಲಿ ಬಿಜ್ಲಿ ಕಾಟನ್ ಮಿಲ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಿರಾಕಿಗಳಿಂದ ಧರ್ಮಾದಾಯವೆಂದು ಪಡೆದ ಹಣ ಮೊದಲಿನಿಂದಲೇ ಧರ್ಮಕ್ಕೆ ಮೀಸಲಾದುದರಿಂದ ಅದು ವ್ಯಾಪಾರದ ಆದಾಯವಲ್ಲವೆಂದು ತೀರ್ಮಾನಿಸಿತು. ಜಮಾಖರ್ಚಿನ ಭಾಷೆಯಲ್ಲಿ ಹೇಳುವುದಾದರೆ ಅದು ಲಾಭದ ಬಾಬತ್ತಲ್ಲ, ತೀರಿಸಬೇಕಾದ ಋಣ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಮುಂದಿನ ವಿಮರ್ಶೆ ಸುಲಭವಾಗುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೇ ದಾನವೆಂದೂ, ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವಿಶೇಷವುಂಟಾಗುವುದೆಂದೂ ತಿಳಿಸಿದ್ದಾರೆ. ಈ ನಾಲ್ಕನ್ನೂ ಒರೆಗಲ್ಲಾಗಿ ಹಿಡಿಯಬಹುದು.

ವಿಧಿಯ ವಿಚಾರ ಮೊದಲನೆಯದು. ಹಿಂದೆ ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಕೇಳಿದ ಪ್ರಶ್ನೆಗೆ ಒಲ್ಲೆನೆನ್ನುವುದು ಸುಲಭವಲ್ಲ. ಅಮೆರಿಕದ ಬೋಸ್ಟನ್ ಬಳಿಯ ಒಂದು ಮಳಿಗೆಯ ಬಾಗಿಲುಗಳಲ್ಲಿ ಕ್ರಿಸ್‌ಮಸ್ ಕಾಲದ ನಿಧಿಸಂಗ್ರಹವನ್ನು ಕುರಿತು ಜೇಮ್ಸ್ ಆಂಡ್ರಿಯೋನಿ ಮೊದಲಾದ ಅರ್ಥಶಾಸ್ತ್ರಜ್ಞರು ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಬಾಯಿಬಿಟ್ಟು ಕೇಳಿದಾಗ ಕೊಡುವವರು ಹೆಚ್ಚಿದರು. ಆದರೆ ಕೇಳುವವರಿಂದ ತಪ್ಪಿಸಿಕೊಳ್ಳಲು ಬೇರೆ ಬಾಗಿಲನ್ನು ಹುಡುಕಿದವರೂ ಬಹಳ ಮಂದಿ. ಕೊಟ್ಟವರೆಲ್ಲರೂ ಕರುಣೆಯಿಂದ ಕೊಟ್ಟರೆಂದು ಇದರಿಂದ ಹೇಳಲಾಗದು. ಇದಕ್ಕಿಂತಲೂ ಹೀನವಾದುದು, ಕೇಳದೆಯೇ ಬಿಲ್ಲಿನಲ್ಲಿ ಸೇರಿಸಿ, ಬೇಡವೆನ್ನುವವನೇ ಹುಡುಕಿ ತೆಗೆಯಬೇಕೆಂಬ ಏರ್ಪಾಡು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ನಿಷೇಧಿಸಿದ 13 ವಂಚಕ ರೀತಿಗಳಲ್ಲಿ, ಒಪ್ಪಿಗೆಯಿಲ್ಲದೆ ದಾನದ ಮೊತ್ತವನ್ನು ಬಿಲ್ಲಿಗೆ ಸೇರಿಸುವುದೂ, ಒಲ್ಲದವನನ್ನು ನಾಚಿಸುವುದೂ ಸೇರಿವೆ. ಶ್ರಾವಕನಿಗೆ ಇದು ಕಾಯಿದೆಗಿಂತ ಹಳೆಯ ಪಾಠ. ಕೊಡದಿರುವುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಅಚೌರ್ಯಾಣುವ್ರತಕ್ಕೆ ಅದು ಭಂಗ. ತೆಗೆದುಕೊಂಡುದು ಒಂದೇ ರೂಪಾಯಿಯೆಂಬುದೂ, ಅದನ್ನು ಆಸ್ಪತ್ರೆಗೆ ಕೊಟ್ಟೆವೆಂಬುದೂ ವ್ರತಭಂಗಕ್ಕೆ ಸಮಾಧಾನವಲ್ಲ.

ದ್ರವ್ಯವು ಯಾರದೆಂಬುದು ಎರಡನೆಯ ಪ್ರಶ್ನೆ. ಸಾವಿರ ಗ್ರಾಹಕರ ಚಿಲ್ಲರೆಯನ್ನು ಕೂಡಿಸಿ, ಮಳಿಗೆಯ ಹೆಸರು ಬರೆದ ದೊಡ್ಡ ಚೆಕ್ಕನ್ನು ಸಮಾರಂಭದಲ್ಲಿ ಅರ್ಪಿಸಿ, ಭಾವಚಿತ್ರವನ್ನು ಪತ್ರಿಕೆಗೆ ಕೊಡುವ ವರ್ತಕನು ಯಾವ ದಾನ ಮಾಡಿದಂತಾಯಿತು? ಅತಿಥಿಸಂವಿಭಾಗ ವ್ರತದ ಅತಿಚಾರಗಳಲ್ಲಿ ‘ಪರವ್ಯಪದೇಶ’ವೆಂಬುದೊಂದಿದೆ. ಅದು ಆಹಾರದಾನದ ಸಂದರ್ಭದ ಮಾತಾದರೂ, ತನ್ನದು ಯಾವುದು ಪರರದು ಯಾವುದು ಎಂಬ ಸತ್ಯವನ್ನು ದಾನದಲ್ಲಿ ಮರೆಮಾಚಬಾರದೆಂಬ ಅದರ ಆಶಯ ಇಲ್ಲಿಯೂ ಸಲ್ಲುತ್ತದೆ. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳಿಗೆ ತಮ್ಮ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ವ್ಯಯಿಸಲು ವಿಧಿಸಿದೆ. ಗ್ರಾಹಕನ ಜೇಬಿನ ಮೂರು ರೂಪಾಯಿ ಆ ಲಾಭದ ಭಾಗವಲ್ಲ. ಅದನ್ನು ತನ್ನ ಔದಾರ್ಯದ ಲೆಕ್ಕಕ್ಕೆ ಹಿಡಿಯುವುದು ನ್ಯಾಯವೂ ಅಲ್ಲ.

ಮೂರನೆಯದು ದಾತೃ. ದಾತೃವಿನ ಸಪ್ತಗುಣಗಳಲ್ಲಿ ಶ್ರದ್ಧೆಯೊಡನೆ ವಿಜ್ಞಾನವನ್ನೂ, ಅಂದರೆ ಅರಿವನ್ನೂ, ಎಣಿಸಲಾಗಿದೆ. ಯಾವ ಸಂಸ್ಥೆಗೆ, ಯಾವ ಕಾರ್ಯಕ್ಕೆ ಎಂಬುದನ್ನು ಅರಿಯದೆ ಚೀಲವನ್ನೆತ್ತಿಕೊಳ್ಳುವ ಅವಸರದಲ್ಲಿ ತಲೆಯಾಡಿಸಿದವನಿಗೆ ದಾನವು ನೆನಪಿನಲ್ಲಿಯೂ ಉಳಿಯುವುದಿಲ್ಲ. ಮನೆಯಲ್ಲಿ ಮಗುವಿನ ಕೈಯಿಂದ ಒಂದು ಮುಷ್ಟಿ ಅಕ್ಕಿಯನ್ನು ತೆಗೆದಿರಿಸುವ ತಾಯಿ ಆ ಮಗುವಿಗೆ ತ್ಯಾಗವನ್ನು ಕಲಿಸುತ್ತಾಳೆ. ಚಿಲ್ಲರೆಯ ದಾನ ಅಂತಹ ಸಂಸ್ಕಾರದ ಸ್ಥಾನವನ್ನು ಆಕ್ರಮಿಸಿದರೆ, ಸಂಸ್ಥೆಗಳ ಬೊಕ್ಕಸ ತುಂಬಿದರೂ ಸಮಾಜದ ದಾನಬುದ್ಧಿ ಬರಿದಾದೀತು. ಗಲ್ಲೆಯಲ್ಲಿ ಕುಳಿತು ದಿನವಿಡೀ ಕೇಳಬೇಕಾದ ಅಲ್ಪಸಂಬಳದ ನೌಕರನ ಮೇಲೆ ‘ಇಷ್ಟು ಕೂಡಿಸು’ ಎಂಬ ಒತ್ತಡ ಹೇರುವುದೂ ಹಿಂಸೆಯೇ.

ಕೊನೆಯದು ಪಾತ್ರ. ಈ ಪದ್ಧತಿಯಲ್ಲಿ ಸತ್ಪಾತ್ರವನ್ನು ಆಯುವವನು ಕೊಡುವವನಲ್ಲ, ಮಳಿಗೆಯವನು. ಹೆಸರುವಾಸಿಯಾದ ದೂರದ ಸಂಸ್ಥೆ ಫಲಕದ ಮೇಲೆ ಚೆನ್ನಾಗಿ ಕಾಣುವುದರಿಂದ, ಪಕ್ಕದ ಬೀದಿಯ ಔಷಧಾಲಯ ಮರೆತುಹೋಗುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಕ್ಕೆ ಪಾತ್ರಗಳು ಪ್ರತಿಯೊಂದು ಊರಿನಲ್ಲಿಯೂ ಇವೆ.

ಇಷ್ಟರಿಂದ ಈ ಪದ್ಧತಿ ಸರ್ವಥಾ ತ್ಯಾಜ್ಯವೆಂದು ಹೇಳಬೇಕಾಗಿಲ್ಲ, ಮೇರೆಗಳು ಬೇಕು. ಬೇಡಿಕೆಯು ಗಲ್ಲೆಯ ಮೇಲೆ ಬರಹದಲ್ಲಿರಲಿ, ಕೊಡುವವನೇ ಬಾಯಿ ತೆರೆಯಲಿ. ಊರಿನ ಒಂದೇ ಸಂಸ್ಥೆಯ ಹೆಸರನ್ನೂ ಕಾರ್ಯವನ್ನೂ ಸ್ಪಷ್ಟವಾಗಿ ಬರೆಯಲಿ. ದಾನದ ಮೊತ್ತ ಬಿಲ್ಲಿನಲ್ಲಿ ಬೇರೆಯೇ ಸಾಲಿನಲ್ಲಿ ಬರಲಿ, ಬೇರೆಯೇ ಖಾತೆಯಲ್ಲಿ ಜಮೆಯಾಗಲಿ. ತಿಂಗಳೊಳಗೆ ಹಣ ಸಂಸ್ಥೆಗೆ ಮುಟ್ಟಲಿ, ಕಾಲಾತಿಕ್ರಮವೂ ಅತಿಚಾರವೇ. ಗ್ರಾಹಕರು ಕೊಟ್ಟಷ್ಟನ್ನು ವರ್ತಕನೂ ತನ್ನ ಲಾಭದಿಂದ ಸೇರಿಸಲಿ. ಆಗ ಮಾತ್ರ ಅವನು ದಾತೃಗಳ ಪಂಕ್ತಿಯಲ್ಲಿ ಕುಳಿತುಕೊಳ್ಳಬಹುದು. ಹಣ ಪಡೆಯುವ ಟ್ರಸ್ಟುಗಳು ಈ ನಿಯಮಗಳನ್ನು ಬರಹದಲ್ಲಿ ಕೇಳಿ ಪಡೆಯುವುದು ಅವುಗಳ ಕರ್ತವ್ಯ.

ಭಗವಾನ್ ಮಹಾವೀರರ ನಿರ್ವಾಣದ ದಿನವಾದ ದೀಪಾವಳಿಯಂದು ವರ್ತಕರು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುತ್ತಾರೆ. ಅಂದು ಹಳೆಯ ಪುಸ್ತಕದ ಧರ್ಮಾದಾಯದ ಪುಟವನ್ನು ಅಂಗಡಿಯ ಬಾಗಿಲಿನಲ್ಲಿ ಅಂಟಿಸಲು ಅಳುಕದ ವರ್ತಕನು ಪರರ ಮೂರು ರೂಪಾಯಿಯನ್ನು ಕೇಳಲು ಅರ್ಹನು. ಅಳುಕುವವನು ತನ್ನ ಜೇಬಿನಿಂದಲೇ ಆರಂಭಿಸುವುದು ಲೇಸು.