ಅಗ್ಗದ ಲೇತ್‌ನ ಮೇಲೆ ಹೂಡುವ ಹಣ

ಲೋಹದ ಸರಳನ್ನು ಚಕ್ಕಿನಲ್ಲಿ ಬಿಗಿದು ತಿರುಗಿಸುತ್ತ, ಸ್ಥಿರವಾಗಿ ಹಿಡಿದ ಟೂಲ್‌ನಿಂದ ಅದರ ಮೈಯನ್ನು ಹೆರೆದು ಬೇಕಾದ ಆಕಾರಕ್ಕೆ ತರುವ ಲೇತ್ ಒಂದು ಕಾಲಕ್ಕೆ ಬಹುಮಟ್ಟಿಗೆ ಕಾರ್ಖಾನೆಯ ಯಂತ್ರವಾಗಿತ್ತು; ಮೇಜಿನ ಮೇಲೆ ಕೂರುವ, ಸುಮಾರು 40 ಕಿಲೋ ತೂಗುವ ಚೀನಾದ ಕಿರು ಲೇತ್‌ಗಳು ಬಂದ ಮೇಲೆ ಅದು ಇನ್ನಷ್ಟು ಹವ್ಯಾಸಿಗಳ ಮನೆಗಳನ್ನು ಪ್ರವೇಶಿಸಿತು. ಗರಿಷ್ಠ 180 ಮಿ.ಮೀ. ವ್ಯಾಸದ ಜಾಬನ್ನು, ಎಂದರೆ ಕೆಲಸಕ್ಕೆ ಹಿಡಿದ ತುಂಡನ್ನು, ತಿರುಗಿಸಬಲ್ಲ ಈ ಯಂತ್ರ ಹತ್ತಾರು ಹೆಸರು ಮತ್ತು ಬಣ್ಣಗಳಲ್ಲಿ ಮಾರಾಟವಾಗುತ್ತಿದ್ದರೂ ಒಳಗಿನ ವಿನ್ಯಾಸ ಹೆಚ್ಚುಕಡಿಮೆ ಒಂದೇ. ಅದರ ಬೆನ್ನಿಗೇ ಒಂದು ಪದ್ಧತಿಯೂ ಬೆಳೆದಿದೆ: ಅಗ್ಗಕ್ಕೆ ಕೊಂಡ ಯಂತ್ರದ ಬೇರಿಂಗ್, ಗೇರ್, ಚಕ್, ಟೂಲ್ ಪೋಸ್ಟ್‌ಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಅದು ಕ್ರಮೇಣ ಉತ್ತಮ ಯಂತ್ರವಾಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಪದ್ಧತಿ ಅದು. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದು ಪರಿಶೀಲನೆಗೆ ಅರ್ಹವಾದ ಪ್ರಶ್ನೆ.

ಲೇತ್‌ನ ಯೋಗ್ಯತೆಯನ್ನು ನಿರ್ಧರಿಸುವುದು ಮುಖ್ಯವಾಗಿ ಅದರ ದೃಢತೆ, ಅಂದರೆ ಹೆರೆಯುವಾಗ ಹುಟ್ಟುವ ಬಲಕ್ಕೆ ಬಾಗದೆ, ಅದುರದೆ ನಿಲ್ಲುವ ಗುಣ. ಟೂಲ್ 0.02 ಮಿ.ಮೀ.ನಷ್ಟು ಹಿಂದೆ ಸರಿದರೂ ಜಾಬಿನ ವ್ಯಾಸದಲ್ಲಿ ಅದು ಇಮ್ಮಡಿಯಾಗಿ, 0.04 ಮಿ.ಮೀ. ವ್ಯತ್ಯಾಸವಾಗಿ ಕಾಣಿಸಿಕೊಳ್ಳುತ್ತದೆ. ಈ ದೃಢತೆ ಲೋಹದ ಗುಣಮಟ್ಟಕ್ಕಿಂತ ಆಕಾರವನ್ನು ಅವಲಂಬಿಸಿರುತ್ತದೆ. ಒಂದು ತೊಲೆಯ ಎತ್ತರವನ್ನು ಎರಡರಷ್ಟು ಮಾಡಿದರೆ ಅದು ಬಾಗುವುದು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಚಕ್ಕಿನಿಂದ ಎದುರು ತುದಿಯ ಟೇಲ್‌ಸ್ಟಾಕಿನವರೆಗೆ ಎಲ್ಲವನ್ನೂ ಹೊರುವ ಬೀಡುಕಬ್ಬಿಣದ ಬೆಡ್ ಎಷ್ಟು ಆಳವಾಗಿದೆ, ಎಷ್ಟು ದಪ್ಪವಾಗಿದೆ ಎಂಬುದು ಎರಕ ಹೊಯ್ದ ದಿನವೇ ತೀರ್ಮಾನವಾಗಿಬಿಟ್ಟಿರುತ್ತದೆ, ಅನಂತರ ಕೊಂಡು ಜೋಡಿಸುವ ಯಾವ ಬಿಡಿಭಾಗವೂ ಅದನ್ನು ಬದಲಿಸಲಾರದು. ಬೆಡ್ಡಿನ ಟೊಳ್ಳಿಗೆ ಕಲ್ಲುಪುಡಿ ಬೆರೆಸಿದ ಎಪಾಕ್ಸಿ ತುಂಬುವವರೂ ಇದ್ದಾರೆ. ಅದರಿಂದ ಅದುರು ಸ್ವಲ್ಪ ಬೇಗ ಅಡಗುತ್ತದೆಯೇ ಹೊರತು ಬಾಗುವಿಕೆ ಹೆಚ್ಚೇನೂ ತಗ್ಗುವುದಿಲ್ಲ.

ಬಿಡಿಭಾಗಗಳ ಪೈಕಿ ಹೆಚ್ಚು ಹೊಗಳಿಕೆ ಪಡೆದಿರುವುದು ಬೇರಿಂಗ್ ಬದಲಾವಣೆ. ಚಕ್ಕನ್ನು ಹೊತ್ತು ತಿರುಗುವ ಸ್ಪಿಂಡಲ್‌ಗೆ ಈ ಯಂತ್ರಗಳಲ್ಲಿ ಸಾಮಾನ್ಯವಾಗಿ 6206 ಸಂಖ್ಯೆಯ ಗುಂಡಿನ ಬೇರಿಂಗ್ ಇರುತ್ತದೆ, ಅದರ ಜಾಗಕ್ಕೆ ಓರೆಯಾದ ಉರುಳೆಗಳುಳ್ಳ 30206 ಬೇರಿಂಗ್ ಹಾಕುವುದು ರೂಢಿ. ಒಳ ವ್ಯಾಸ 30, ಹೊರ ವ್ಯಾಸ 62 ಮಿ.ಮೀ. ಎರಡಕ್ಕೂ ಸಮಾನವಾದರೂ ಹೊಸದರ ಅಗಲ 16ರ ಬದಲು 17.25 ಮಿ.ಮೀ. ಇರುವುದರಿಂದ ಪಕ್ಕದ ಸ್ಪೇಸರ್ ಬಳೆಯನ್ನು ಅಷ್ಟೇ ಹೆರೆಯಬೇಕಾಗುತ್ತದೆ, ಮತ್ತು ಲೇತ್ ಕಳಚಿಬಿದ್ದಿರುವಾಗ ಅದನ್ನು ಹೆರೆಯುವುದೆಲ್ಲಿ ಎಂಬ ಮೋಜಿನ ಸಮಸ್ಯೆ ಅಲ್ಲೇ ಎದುರಾಗುತ್ತದೆ. ಉರುಳೆಗಳ ನಡುವಿನ ಸಡಿಲ ಹೋಗುವಷ್ಟು, ಆದರೆ ಬಿಸಿಯೇರದಷ್ಟು, ನಟ್ಟನ್ನು ಹದವಾಗಿ ಬಿಗಿಯಬಲ್ಲವರಿಗೆ ಇದರಿಂದ ಪ್ರಯೋಜನವುಂಟು. ಆದರೆ ಸ್ಪಿಂಡಲ್ ಕೂತಿರುವ ಹೆಡ್‌ಸ್ಟಾಕೇ ಕೆಲವು ಸ್ಕ್ರೂಗಳ ಆಧಾರದಲ್ಲಿ ಬೆಡ್ಡಿನ ಮೇಲೆ ನಿಂತಿರುವಾಗ ಒಳಗಿನ ಬೇರಿಂಗ್ ಗಳಿಸಿಕೊಟ್ಟ ಬಿಗುವಿನಲ್ಲಿ ಒಂದು ಪಾಲು ಹೊರಗೆ ಸೋರಿಹೋಗುತ್ತದೆ. ಪ್ಲಾಸ್ಟಿಕ್ ಗೇರ್ ತೆಗೆದು ಲೋಹದ ಗೇರ್ ಹಾಕುವುದಂತೂ ವಿವೇಕದ ಕೆಲಸವೇ ಎಂಬುದು ಅನುಮಾನ: ಟೂಲ್ ಸಿಕ್ಕಿಕೊಂಡಾಗ ಫ್ಯೂಸಿನಂತೆ ತಾನು ಮುರಿದು ಮೋಟರ್ ಉಳಿಸುತ್ತಿದ್ದ ಭಾಗ ಹೋದ ಮೇಲೆ ಪೆಟ್ಟು ಅದಕ್ಕಿಂತ ದುಬಾರಿಯಾದ ಕಡೆಗೆ ತಿರುಗುತ್ತದೆ.

ಹಣ ಬೇಡದ ಸುಧಾರಣೆಗಳ ಕಥೆ ಬೇರೆ. ಜಾರುವ ಭಾಗಗಳ ಸಡಿಲವನ್ನು ನಿಯಂತ್ರಿಸುವ ಜಿಬ್ ಎಂಬ ಪಟ್ಟಿಯನ್ನು ಉಜ್ಜಿ ಸರಿಹೊಂದಿಸುವುದು, ಕಾರ್ಖಾನೆ ಬಿಟ್ಟ ಮುರುಕು ಅಂಚುಗಳನ್ನು ಅರದಿಂದ ತೆಗೆಯುವುದು, ವೇಗ ಮತ್ತು ಆಳ ಎರಡನ್ನೂ ಬೇಡುವ ಕಾರ್ಬೈಡ್ ತುದಿಯನ್ನು ಬಿಟ್ಟು ಹರಿತವಾಗಿ ಸಾಣೆ ಹಿಡಿದ ಹೈ ಸ್ಪೀಡ್ ಉಕ್ಕಿನ (ಎಚ್‌ಎಸ್‌ಎಸ್) ಟೂಲ್ ಬಳಸುವುದು, ಇವು ಕಿರು ಲೇತ್‌ನ ಕೆಲಸವನ್ನು ಬಿಡಿಭಾಗಗಳಿಗಿಂತ ಹೆಚ್ಚು ಸುಧಾರಿಸುತ್ತವೆ. ಪ್ರತಿ ದವಡೆಯೂ ಬೇರೆಯಾಗಿ ಸರಿಯುವ ನಾಲ್ಕು ದವಡೆಯ ಚಕ್ಕಿನಲ್ಲಿ ಡಯಲ್ ಗೇಜ್ ಹಿಡಿದು ಜಾಬನ್ನು ಕೇಂದ್ರಕ್ಕೆ ತರುವವರಿಗೆ, ಆ ಮಟ್ಟಿಗೆ, ಅಗ್ಗದ ಯಂತ್ರವೂ ದುಬಾರಿ ಯಂತ್ರವೂ ಒಂದೇ.

ಕರ್ನಾಟಕದಲ್ಲಿ ಈ ಚರ್ಚೆಗೆ ಇನ್ನೊಂದು ಮುಖವಿದೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಮತ್ತು 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ನೆಲೆಗೊಂಡ ಎಚ್‌ಎಂಟಿ ಹೊರತಂದ ಲೇತ್‌ಗಳು ದಶಕಗಳ ಕಾಲ ದುಡಿದ ಮೇಲೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೈ ಬದಲಾಯಿಸುತ್ತಿವೆ. ಅವುಗಳಲ್ಲಿ ಸವೆತವಿಲ್ಲವೆಂದಲ್ಲ. ಹೆಚ್ಚಿನ ಕೆಲಸ ಚಕ್ಕಿನ ಸಮೀಪದಲ್ಲೇ ನಡೆಯುವುದರಿಂದ ಬೆಡ್ ಅಲ್ಲಿಯೇ ಹೆಚ್ಚು ಸವೆದಿರುತ್ತದೆ. ಟೂಲನ್ನು ಹೊತ್ತು ಜಾರುವ ಸ್ಯಾಡಲ್ಲನ್ನು ಬೆಡ್ಡಿನ ಅಡಿಯಿಂದ ಹಿಡಿದಿರುವ ಪಟ್ಟಿಯನ್ನು ಚಕ್ಕಿನ ಬಳಿ ಸಡಿಲವಿಲ್ಲದಂತೆ ಹೊಂದಿಸಿ ಟೇಲ್‌ಸ್ಟಾಕಿನತ್ತ ಸರಿಸಿದಾಗ ಅದು ಬಿಗಿಯಾಗುತ್ತ ಬಂದರೆ ಸವೆತ ಎಷ್ಟೆಂದು ಕೈಗೇ ತಿಳಿಯುತ್ತದೆ. ಸ್ಪಿಂಡಲ್ ನೋಡುವಾಗ ಡಯಲ್ಲನ್ನು ಚಕ್ಕಿನ ದವಡೆಗಲ್ಲ, ಸ್ಪಿಂಡಲ್ಲಿನ ಒಳಗಿನ ಟೇಪರಿಗೆ ಮುಟ್ಟಿಸಬೇಕು, ಏಕೆಂದರೆ ಚಕ್ ಕೆಟ್ಟಿದ್ದರೆ ಬದಲಿಸಬಹುದು. ಹ್ಯಾಂಡಲ್ ತಿರುಗಿಸಿದಾಗ ಕಾಣುವ, ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಸಡಿಲಕ್ಕೆ ಕೊಳ್ಳುವವರು ಬೆಚ್ಚಿಬೀಳುವುದುಂಟು. ಅದು ಇವೆಲ್ಲದರಲ್ಲಿ ಅತ್ಯಂತ ಕ್ಷುಲ್ಲಕ ದೋಷ, ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರುವ ಟರ್ನರ್‌ಗೆ ಅದು ತೊಡಕೇ ಅಲ್ಲ.

ಮೇಲ್ದರ್ಜೆಗೇರಿಸುವುದು ಒಂದು ದಾರಿ, ಒಳ್ಳೆಯದನ್ನು ಕೊಳ್ಳುವುದು ಅದಕ್ಕೆ ಎದುರಾದ ಇನ್ನೊಂದು ದಾರಿ ಎಂದು ಪ್ರಶ್ನೆಯನ್ನು ಇಡುವ ರೂಢಿಯೇ ಇಲ್ಲಿ ದೋಷಪೂರ್ಣವೆನಿಸುತ್ತದೆ. ಸವೆದ ಬೆಡ್ಡನ್ನು ಮತ್ತೆ ಗ್ರೈಂಡ್ ಮಾಡಿಸಲು, ಸ್ಯಾಡಲ್ಲನ್ನು ಕೈಯಿಂದ ಸ್ಕ್ರೇಪ್ ಮಾಡಿ ಕೂರಿಸಲು ಬೇಕಾದಷ್ಟು ಲೋಹ ಹಳೆಯ ಭಾರದ ಲೇತ್‌ನಲ್ಲಿ ಇರುತ್ತದೆ, ಮಾಡಿದ ಕೆಲಸ ಯಂತ್ರವನ್ನು ಅದರ ಮೊದಲಿನ ಯೋಗ್ಯತೆಗೆ ಮರಳಿಸುತ್ತದೆ. ಕಿರು ಲೇತ್‌ಗೆ ಮರಳಬಹುದಾದ ಅಂಥ ಹಿಂದಿನ ಯೋಗ್ಯತೆಯೇ ಇಲ್ಲ. ಹೀಗಾಗಿ ದುರಸ್ತಿಯ ಹಣ ನಿಜವಾಗಿ ಸಲ್ಲಬೇಕಾದದ್ದು ಉತ್ತಮ ಯಂತ್ರಕ್ಕೇ, ಅಗ್ಗದ ಯಂತ್ರಕ್ಕಲ್ಲ.

ಆದರೂ ಟನ್ ಲೆಕ್ಕದಲ್ಲಿ ತೂಗುವ, ತ್ರೀ ಫೇಸ್ ವಿದ್ಯುತ್ ಬೇಡುವ ಯಂತ್ರವನ್ನು ಮೂರನೆಯ ಅಂತಸ್ತಿನ ಬಾಡಿಗೆ ಮನೆಗೆ ಏರಿಸಲಾಗದು; ವಿದ್ಯುತ್ತಿನ ತೊಡಕಿಗೆ ವಿಎಫ್‌ಡಿ ಎಂಬ ಪರಿವರ್ತಕದಲ್ಲಿ ಅನೇಕ ವೇಳೆ ಪರಿಹಾರವಿದ್ದರೂ ತೂಕಕ್ಕೆ ಇಲ್ಲ. ಗಡಿಯಾರದ ಬಿಡಿಭಾಗ, ಮಾದರಿ ಎಂಜಿನ್, ಹಿತ್ತಾಳೆಯ ಪುಟ್ಟ ಬುಷ್‌ಗಳಂಥ ಕೆಲಸಕ್ಕೆ ಕಿರು ಲೇತ್ ಇದ್ದ ಹಾಗೆಯೇ ಸಾಕು. ಅಂಥ ಕೆಲಸ ಮಾಡುವವರು ಖರ್ಚು ಮಾಡಬೇಕಾದದ್ದು ಮುಂದೆ ಯಾವ ಲೇತ್ ಬಂದರೂ ಜೊತೆಗೆ ಸಾಗುವ ಮೈಕ್ರೋಮೀಟರ್, ಡಯಲ್ ಗೇಜ್ ಮತ್ತು ಟೂಲ್ ಹರಿತಗೊಳಿಸುವ ಸಾಣೆ ಯಂತ್ರದ ಮೇಲೆ. ಈ ಒಂದೇ ಯಂತ್ರಕ್ಕೆ ಹೊಂದುವ ಬೇರಿಂಗ್ ಸ್ಪೇಸರ್ ಮತ್ತು ಗೇರುಗಳನ್ನು ಅವು ಕೆಟ್ಟ ಮೇಲೆ ಕೊಂಡರಾಯಿತು.