ಬಾಲೂ ಫೋಟೋ ಹಾಕಬೇಕಾ, ಬೇಡವಾ?

ಆಟಗಾರರನ್ನು ಮೆಚ್ಚೋ ವಿಷಯದಲ್ಲಿ ನಮ್ಮ ಹತ್ರ ಎರಡು ತಕ್ಕಡಿ ಇವೆ. ನಮ್ಮ ಮೆಚ್ಚಿನವನು ಎಡವಟ್ಟು ಮಾತಾಡಿದರೆ 'ಆಟ ಬೇರೆ, ಮಾತು ಬೇರೆ ಬಿಡ್ರೀ' ಅನ್ನುತ್ತೇವೆ. ನಮಗಾಗದವನು ಅದನ್ನೇ ಆಡಿದರೆ ಹತ್ತು ವರ್ಷದ ಹಿಂದಿನ ಅವನ ಟ್ವೀಟನ್ನೂ ಕೆದಕಿ ತಂದು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ. ಮೊದಲನೆಯದಕ್ಕೆ ಅಭಿಮಾನ ಅಂತ, ಎರಡನೆಯದಕ್ಕೆ ನ್ಯಾಯ ಅಂತ ನಾವೇ ಹೆಸರಿಟ್ಟುಕೊಂಡಿದ್ದೇವೆ. ನಿಜ ಹೇಳಬೇಕೆಂದರೆ ಎರಡರಲ್ಲೂ ಯೋಚನೆ ಇಲ್ಲ.

ನಮ್ಮವರದ್ದೇ ಎರಡು ಪ್ರಕರಣ ನೋಡಿ. 2019ರ ಜನವರಿಯಲ್ಲಿ 'ಕಾಫಿ ವಿತ್ ಕರಣ್' ಷೋನಲ್ಲಿ ಹಾರ್ದಿಕ್ ಪಾಂಡ್ಯ ಹೆಂಗಸರ ಬಗ್ಗೆ ಆಡಿದ ಮಾತಿಗೆ ದೇಶವೆಲ್ಲ ರೇಗಿತು. ಪಕ್ಕದಲ್ಲಿ ಕೂತಿದ್ದ ನಮ್ಮ ಕೆ.ಎಲ್. ರಾಹುಲ್ ಕೂಡ ಅಮಾನತಾಗಿ ಆಸ್ಟ್ರೇಲಿಯಾದಿಂದ ವಾಪಸ್ ಬಂದರು. ಎರಡೇ ವಾರದಲ್ಲಿ ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ಬಿಸಿಸಿಐ ಒಂಬುಡ್ಸ್‌ಮನ್ ಡಿ.ಕೆ. ಜೈನ್ ಇಬ್ಬರಿಗೂ ತಲಾ 20 ಲಕ್ಷ ದಂಡ ಹಾಕಿದರು. ಅರ್ಧ ಹಣ ಕರ್ತವ್ಯದಲ್ಲಿದ್ದಾಗ ಸತ್ತ ಅರೆಸೇನಾ ಪಡೆಯ ಕಾನ್‌ಸ್ಟೇಬಲ್‌ಗಳ ಕುಟುಂಬಗಳಿಗೆ, ಇನ್ನರ್ಧ ಅಂಧರ ಕ್ರಿಕೆಟ್‌ಗೆ. ಹಣ ಒಳ್ಳೇ ಕಡೆಗೇ ಹೋಯಿತು, ತಕರಾರಿಲ್ಲ. ಆದರೆ ಮಾತು ಬಿದ್ದಿದ್ದು ಹೆಂಗಸರ ಮೇಲಲ್ಲವಾ? ಅವರಿಗೂ ಆ ದಂಡಕ್ಕೂ ಏನು ಸಂಬಂಧ? ಆಮೇಲೆ ನಾಲ್ಕು ಒಳ್ಳೇ ಇನಿಂಗ್ಸ್ ಬಂದವು, ನಾವೂ ಮರೆತೆವು.

ಎರಡನೆಯದು ರೋಜರ್ ಬಿನ್ನಿ ಅವರದ್ದು. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ತೆಗೆದ ಬೆಂಗಳೂರಿನ ಮನುಷ್ಯ. 2023ರ ಜೂನ್‌ನಲ್ಲಿ, ದೆಹಲಿಯಲ್ಲಿ ಮಹಿಳಾ ಕುಸ್ತಿಪಟುಗಳ ಹೋರಾಟ ನಡೆಯುತ್ತಿದ್ದಾಗ, ಅದೇ 1983ರ ತಂಡದ ಹೆಸರಲ್ಲಿ ಕುಸ್ತಿಪಟುಗಳ ಪರವಾಗಿ ಒಂದು ಹೇಳಿಕೆ ಬಂತು. ಆಗ ಬಿಸಿಸಿಐ ಅಧ್ಯಕ್ಷರಾಗಿದ್ದ ಬಿನ್ನಿ, ಆ ಹೇಳಿಕೆ ತನ್ನದಲ್ಲ, ಆಟವನ್ನು ರಾಜಕೀಯದ ಜತೆ ಬೆರೆಸಬಾರದು ಅಂದರು. ಆ 18 ವಿಕೆಟ್‌ಗಳಲ್ಲಿ ಒಂದೂ ಇದರಿಂದ ಕಮ್ಮಿಯಾಗಲ್ಲ. ಆದರೆ ಆ ಮಾತನ್ನು ಒಪ್ಪಲೇಬೇಕು ಅಂತಲೂ ಆ 18 ವಿಕೆಟ್ ನಮಗೆ ಹೇಳಲ್ಲ.

ಇವೆರಡೂ ಸುಲಭದ ಪ್ರಶ್ನೆಗಳು. ಕಷ್ಟದ ಪ್ರಶ್ನೆ ನಮ್ಮ ಕಡೆ ಏಪ್ರಿಲ್‌ನಲ್ಲಿ ಎದ್ದಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಿಗೆ ಹೋದರೂ ಆ ತಿಂಗಳು ಅಂಬೇಡ್ಕರ್ ಜಯಂತಿಗೆ ಟೆನ್ನಿಸ್ ಬಾಲ್ ಟೂರ್ನಿ ಸಾಮಾನ್ಯ. ನೀರಿಲ್ಲದ ಕೆರೆಯಂಗಳವೇ ಗ್ರೌಂಡು. ಈ ಸಲ ನಮ್ಮೂರ ಹುಡುಗರು ಫ್ಲೆಕ್ಸ್ ಮಾಡಿಸುವಾಗ ಒಬ್ಬ, 'ಬಾಬಾಸಾಹೇಬ್ರ ಪಕ್ಕ ಪಲ್ವಾಂಕರ್ ಬಾಲೂ ಫೋಟೋ ಹಾಕೋಣ' ಅಂದ. ಇನ್ನೊಬ್ಬ, 'ಬಾಬಾಸಾಹೇಬ್ರ ಎದ್ರು ಎಲೆಕ್ಷನ್‌ಗೆ ನಿಂತೋನ ಫೋಟೋ ಯಾಕಣ್ಣಾ ಇಲ್ಲಿ?' ಅಂತ ತಡೆದ. ಇಬ್ಬರೂ ಹೇಳಿದ್ದು ಸರಿ.

ಬಾಲೂ ಯಾರು ಅಂತ ಗೊತ್ತಿಲ್ಲದವರಿಗೆ: ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ, 1870ರ ದಶಕದಲ್ಲಿ. ಬೆಳೆದಿದ್ದು ಪುಣೆಯಲ್ಲಿ. ಕ್ಲಬ್ಬಿನ ಪಿಚ್ ಗುಡಿಸುತ್ತಾ, ರೋಲರ್ ಎಳೆಯುತ್ತಾ, ಬಿಳಿಯರಿಗೆ ನೆಟ್ಸ್‌ನಲ್ಲಿ ಗಂಟೆಗಟ್ಟಲೆ ಬಾಲ್ ಹಾಕುತ್ತಾ ಎಡಗೈ ಸ್ಪಿನ್ ಕಲಿತವರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡ ಹೆಚ್ಚಿನ ಪಂದ್ಯ ಸೋತು ಬಂತು, ಬಾಲೂ ಮಾತ್ರ 114 ವಿಕೆಟ್ ತೆಗೆದು ಬಂದರು. ಇಷ್ಟಾದರೂ ಬಾಂಬೆ ಟೂರ್ನಿಯಲ್ಲಿ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. ಅದು ಮನೆಗೆ ಬಂದಿದ್ದು 1923ರಲ್ಲಿ, ತಮ್ಮ ವಿಠ್ಠಲನ ಕಾಲಕ್ಕೆ. ಮರೆತೇ ಹೋಗಿದ್ದ ಈ ಕಥೆಯನ್ನು ರಾಮಚಂದ್ರ ಗುಹಾ 2002ರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಪುಸ್ತಕದಲ್ಲಿ ವಿವರವಾಗಿ ಹೇಳಿದ್ದಾರೆ.

ಯುವಕ ಅಂಬೇಡ್ಕರ್‌ಗೆ ಬಾಲೂ ಅಂದರೆ ಹೆಮ್ಮೆ. ಆದರೆ 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಬಾಲೂ ಗಾಂಧಿ ಕಡೆ ನಿಂತರು. ಅಂಬೇಡ್ಕರ್ ಧರ್ಮ ಬಿಡುತ್ತೇನೆ ಅಂದಾಗ ಅದನ್ನೂ ವಿರೋಧಿಸಿದರು. 1937ರ ಬಾಂಬೆ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಟಿಕೆಟ್ ಮೇಲೆ ಅಂಬೇಡ್ಕರ್ ಎದುರಿಗೇ ನಿಂತರು. ಫಲಿತಾಂಶ: ಅಂಬೇಡ್ಕರ್ 13,245, ಬಾಲೂ 11,225.

ಹಾಗಾದರೆ ಫೋಟೋ? ಸುಲಭದ ಉತ್ತರ 'ಆಟ ಬೇರೆ, ಮನುಷ್ಯ ಬೇರೆ' ಅನ್ನೋದು. ನನಗೆ ಆ ಉತ್ತರವೇ ಅನುಮಾನ. ಯಾಕೆಂದರೆ ಬಾಲೂ ವಿಷಯದಲ್ಲಿ ಅದನ್ನು ಮೊದಲು ಆಚರಣೆಗೆ ತಂದವರು ಪುಣೆಯ ಮೇಲ್ಜಾತಿಯ ಆಟಗಾರರು. ಮೈದಾನದಲ್ಲಿ ಬಾಲೂ ಮುಟ್ಟಿದ ಬಾಲನ್ನು ಅವರೂ ಮುಟ್ಟುತ್ತಿದ್ದರು. ಟೀ ವೇಳೆಗೆ ಬಾಲೂಗೆ ಮಾತ್ರ ಪೆವಿಲಿಯನ್ ಹೊರಗೆ, ಕುಡಿದು ಬಿಸಾಕೋ ಮಣ್ಣಿನ ಲೋಟದಲ್ಲಿ ಟೀ. ವಿಕೆಟ್ ಒಳಗೆ, ಮನುಷ್ಯ ಹೊರಗೆ. ಆಟವನ್ನೂ ಮನುಷ್ಯನನ್ನೂ ಬೇರೆ ಮಾಡಿದರೆ ಯಾರಿಗೆ ಅನುಕೂಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅದು ನೂರು ವರ್ಷದ ಹಿಂದಿನ ಮಾತು ಅಂತೀರಾ? 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ಉತ್ಸವದ ದೇವರ ಕೋಲು ಮುಟ್ಟಿದ ಅಂತ ಒಬ್ಬ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ ಸುದ್ದಿ ದೇಶವೆಲ್ಲ ಓದಿತು. ವೈಟ್‌ಫೀಲ್ಡಿನ ನಮ್ಮ ಆಫೀಸುಗಳಿಂದ ಒಂದು ಗಂಟೆ ದಾರಿ. ಇಂಥ ಊರುಗಳಲ್ಲಿ ಒಳ್ಳೇ ಬೌಲರ್ ಆಗಿರೋ ಕೇರಿ ಹುಡುಗನಿಗೆ ಬಾಲ್ ಕೊಡ್ತಾರೆ. ಅವನಿಗೆ ನೀರು ಯಾವ ಲೋಟದಲ್ಲಿ ಕೊಡ್ತಾರೆ ಅನ್ನೋದೇ ನೋಡಬೇಕಾದ್ದು.

ಹಾಗಾಗಿ ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆಗಳು ಬೇರೆ. ಮೊದಲನೆಯದು, ಆ ಅಭಿಪ್ರಾಯದ ಬೆಲೆ ಕಟ್ಟೋರು ಯಾರು? ಟಿವಿ ಸೋಫಾ ಮೇಲೆ ಹೆಂಗಸರನ್ನು ಹಗುರ ಮಾಡಿದರೆ ಬೆಲೆ ಕಟ್ಟೋರು ಹೆಂಗಸರು, ಆಡಿದವನಲ್ಲ. ಬಾಲೂ ಹಾಗಲ್ಲ. ಮಣ್ಣಿನ ಲೋಟದಲ್ಲಿ ಕುಡಿದವರೇ ಅವರು. ಸ್ವಂತ ಜನರ ಬಿಡುಗಡೆಯ ದಾರಿ ಯಾವುದು ಅಂತ ವಾದಿಸುವ ಹಕ್ಕು ಅವರಿಗಿತ್ತು. ಆ ದಾರಿ ತಪ್ಪು ಅಂತ ನಾನೂ ಅಂದುಕೊಂಡಿದ್ದೇನೆ. ಆದರೆ ತಪ್ಪು ದಾರಿ ಹಿಡಿಯೋದು ಬೇರೆ, ಇನ್ನೊಬ್ಬರನ್ನು ಕೀಳಾಗಿ ಕಾಣೋದು ಬೇರೆ. ಎರಡನ್ನೂ 'ವಿವಾದಾತ್ಮಕ ಅಭಿಪ್ರಾಯ' ಅನ್ನೋ ಒಂದೇ ಚೀಲಕ್ಕೆ ತುಂಬೋದು ಸೋಮಾರಿತನ.

ಎರಡನೆಯದು, ನಮ್ಮ ಮೆಚ್ಚುಗೆ ಎಲ್ಲಿಗೆ ಹೋಗಿ ಸೇರುತ್ತೆ? ಬಾಲೂ ತೀರಿಕೊಂಡಿದ್ದು 1955ರಲ್ಲಿ. ಅವರನ್ನು ಮೆಚ್ಚಿದರೆ ಯಾರ ಜೇಬೂ ತುಂಬಲ್ಲ. ಈಗಿನ ಸ್ಟಾರ್‌ಗೆ ನಮ್ಮ ಮೆಚ್ಚುಗೆ ಅಂದರೆ ಫಾಲೋವರ್ ಲೆಕ್ಕ, ಜಾಹೀರಾತಿನ ರೇಟು, ನಾಳೆ ಪಾರ್ಟಿ ಟಿಕೆಟ್. ಹಾಗಾಗಿ ಬದುಕಿರೋರನ್ನು ಮೆಚ್ಚುವಾಗ ಇನ್ನೂ ಸ್ವಲ್ಪ ಎಚ್ಚರ ಬೇಕು. ಸತ್ತವರಿಗೂ ಒಂದು ಅಪಾಯ ಇದ್ದೇ ಇದೆ. 'ನೋಡಿ, ಬಾಲೂ ಎಷ್ಟು ತಗ್ಗಿಬಗ್ಗಿ ಇದ್ದರು, ಅಂಬೇಡ್ಕರ್ ಥರ ಜಗಳ ಆಡಲಿಲ್ಲ' ಅಂತ ಅವರನ್ನೇ ಕೋಲು ಮಾಡಿಕೊಂಡು ಅಂಬೇಡ್ಕರ್‌ಗೆ ಹೊಡೆಯೋರು ಹುಟ್ಟಿಕೊಳ್ಳಬಹುದು. ಆ ಹುಡುಗ ಫೋಟೋ ಬೇಡ ಅಂದಿದ್ದರ ಹಿಂದೆ ಈ ಭಯವೂ ಇತ್ತು, ಅದನ್ನು ನಾನು ತಳ್ಳಿಹಾಕಲ್ಲ.

ಆದರೂ 1937ರ ಆ ಮತದಾರರನ್ನು ನೆನೆಸಿಕೊಳ್ಳಿ. ಅಂಬೇಡ್ಕರ್‌ಗೆ ವೋಟು ಹಾಕಿದವರಲ್ಲಿ ಬಾಲೂ ಬೌಲಿಂಗ್‌ಗೆ ಚಪ್ಪಾಳೆ ತಟ್ಟಿದವರೂ ಇದ್ದಿರಲೇಬೇಕು. ಆ ಚಪ್ಪಾಳೆಯನ್ನು ಅವರು ವಾಪಸ್ ಕೇಳಲಿಲ್ಲ, ವೋಟು ಮಾತ್ರ ಕೊಡಲಿಲ್ಲ. ಬೌಲಿಂಗ್‌ಗೆ ಸಲ್ಲಬೇಕಾದ್ದು ಬೌಲಿಂಗ್‌ಗೆ, ರಾಜಕೀಯಕ್ಕೆ ಸಲ್ಲಬೇಕಾದ್ದು ರಾಜಕೀಯಕ್ಕೆ. ಇದು ಮೇಲ್ಜಾತಿಯವರ 'ಆಟ ಬೇರೆ, ಮನುಷ್ಯ ಬೇರೆ' ಅಲ್ಲ. ಇವರು ಇಡೀ ಮನುಷ್ಯನನ್ನು ನೋಡಿ, ಆಮೇಲೆ ಬೇಡ ಅಂದವರು. ಕೈಗೆ ಸಿಕ್ಕ ಗೌರವ ನಾಲಿಗೆಗೂ ತಾನಾಗೇ ಸಿಗಬೇಕು ಅನ್ನೋ ನಿಯಮ ಎಲ್ಲೂ ಇಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಫ್ಯಾನ್ ಪೇಜುಗಳಲ್ಲಿ ಹಗಲೂ ರಾತ್ರಿ ಗುದ್ದಾಡೋ ನಮಗೆ ಇದು ಯಾಕೆ ಕಷ್ಟ?

ಅದಕ್ಕೇ ನನ್ನ ಉತ್ತರ: ಹಾಕಿ. ಆದರೆ ಬರೀ ಫೋಟೋ ಹಾಕಬೇಡಿ. ಕೆಳಗೆ ಧಾರವಾಡ ಅಂತ ಬರೀರಿ, 114 ವಿಕೆಟ್ ಅಂತ ಬರೀರಿ, ಮಣ್ಣಿನ ಲೋಟದ ಟೀ ಬಗ್ಗೆ ಬರೀರಿ. ಹಾಗೇ 1932ರಲ್ಲಿ ಯಾರ ಕಡೆ ನಿಂತರು, 1937ರಲ್ಲಿ ಎಷ್ಟು ವೋಟಿಂದ ಸೋತರು ಅಂತಲೂ ಬರೀರಿ. ಓದೋ ಹುಡುಗರು ತಾವೇ ತೀರ್ಮಾನ ಮಾಡಿಕೊಳ್ಳಲಿ. ಫ್ಲೆಕ್ಸ್‌ನಲ್ಲಿ ಜಾಗ ಸಾಲದಿದ್ದರೆ ಶುಭಕೋರುವವರ ಫೋಟೋಗಳನ್ನು ಸ್ವಲ್ಪ ಸಣ್ಣದು ಮಾಡಿ.