ಪಾಠಪುಸ್ತಕವೂ ಕಾವ್ಯವೂ: ಪಂಜೆ ಮಂಗೇಶರಾಯರ ಶಿಶುಸಾಹಿತ್ಯ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಪಂಜೆ ಮಂಗೇಶರಾಯರ (1874–1937) ಹೆಸರು ಸಾಮಾನ್ಯವಾಗಿ ಎರಡು ಎಡೆಗಳಲ್ಲಿ ಬರುತ್ತದೆ: ನವೋದಯದ ಪೂರ್ವಸೂರಿಗಳನ್ನು ನೆನೆಯುವಾಗ ಒಮ್ಮೆ, ಸಣ್ಣಕತೆಯ ಮೊದಲಿಗರನ್ನು ಹೇಳುವಾಗ ಇನ್ನೊಮ್ಮೆ. ಅವರ ಶಿಶುಸಾಹಿತ್ಯವನ್ನು ಗೌರವದಿಂದ ಹೆಸರಿಸಿ, ವಿಮರ್ಶೆಯ ಹೊರಗಿರಿಸುವುದು ರೂಢಿಯಾಗಿದೆ. ಮಕ್ಕಳಿಗಾಗಿ ಬರೆದುದು ಮುದ್ದಿಗೆ ಪಾತ್ರ, ಪರೀಕ್ಷೆಗೆ ಅಲ್ಲ ಎಂಬ ಈ ಭಾವನೆಯಿಂದ ಪಂಜೆಯವರಿಗೆ ಮಾನವೂ ಇಲ್ಲ, ನಮ್ಮ ವಿಮರ್ಶೆಗೆ ಲಾಭವೂ ಇಲ್ಲ.

ಪಂಜೆಯವರು ಹುಟ್ಟಿದ್ದು ಬಂಟ್ವಾಳದಲ್ಲಿ. ಅವರ ಮನೆಮಾತು ಕೊಂಕಣಿ. ಸುತ್ತಣ ಜನರ ಮಾತು ತುಳು. ದಕ್ಷಿಣ ಕನ್ನಡದ ಎಷ್ಟೋ ಮಕ್ಕಳಿಗೆ ಕನ್ನಡವು ತೊಟ್ಟಿಲಲ್ಲಿ ಕೇಳಿದ ಮಾತಲ್ಲ, ಶಾಲೆಯ ಹೊಸ್ತಿಲು ದಾಟಿದ ಮೇಲೆ ದೊರೆಯುವ ಮಾತು. ಮಂಗಳೂರಿನಲ್ಲಿ ಅಧ್ಯಾಪಕರಾಗಿ, ಶಾಲೆಗಳ ಇನ್ಸ್‌ಪೆಕ್ಟರಾಗಿ, ಮುಂದೆ ಕೊಡಗಿನಲ್ಲಿಯೂ ವಿದ್ಯಾ ಇಲಾಖೆಯ ಸೇವೆಯಲ್ಲಿದ್ದು ಅವರು ಈ ಸ್ಥಿತಿಯನ್ನು ಹತ್ತಿರದಿಂದ ಕಂಡರು. ಪಾಠಪುಸ್ತಕಗಳನ್ನು ಸಂಪಾದಿಸುವಾಗಲೂ, ಮಂಗಳೂರಿನ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದಾಗಲೂ ಅವರ ಕಣ್ಣ ಮುಂದಿದ್ದ ಓದುಗನು ಕನ್ನಡವನ್ನು ಬಲ್ಲವನಲ್ಲ, ಅದನ್ನು ಒಲಿಸಿಕೊಳ್ಳಬೇಕಾದವನು. ಅವರ ಕಲೆಯ ಗುಟ್ಟು ಇಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಅರ್ಥವು ಇನ್ನೂ ಪೂರ್ಣವಾಗಿ ಕೈಗೆ ಸಿಗದ ಮಗುವನ್ನು ಭಾಷೆಯೊಳಗೆ ಕರೆಯುವುದು ನಾದ. ‘ನಾಗರಹಾವೆ’ ಎಂಬ ಪದ್ಯದಲ್ಲಿ ನುಡಿಯ ಕೊನೆಗೆ ಒಂದೇ ಅಕ್ಷರದ ಮಾತು ಮತ್ತೆ ಮತ್ತೆ ಬರುವುದು ಬರಿಯ ಅಲಂಕಾರವಲ್ಲ. ನಾಲಗೆಗೆ ಅದು ಅಭ್ಯಾಸ, ಕಿವಿಗೆ ಆಟ. ಹಾವಿಗೆ ಹಾಲನ್ನೀವ, ಕೈಮುಗಿವ ಕರಾವಳಿಯ ನಡೆವಳಿಯೂ ಅದರೊಡನೆ ಸಹಜವಾಗಿ ಒಳಬರುತ್ತದೆ. ‘ತೆಂಕಣ ಗಾಳಿಯಾಟ’ದಲ್ಲಿ ಇದೇ ಶಕ್ತಿ ಹಿರಿದಾಗಿ ಬೆಳೆದಿದೆ. ಹಾವಿನ ಬುಸುಗಾಟ, ಭೂತದ ಕೂಗು ಮೊದಲಾದುವು ಗಾಳಿಗೆ ಹೋಲಿಕೆಗಳಾಗಿ ಬಂದು, ಗಾಳಿಯನ್ನು ವರ್ಣಿಸುವ ಮಾತೇ ಗಾಳಿಯಂತೆ ಬೀಸುತ್ತದೆ. ಇದನ್ನು ಶಿಶುಗೀತೆಯೆಂದು ಬದಿಗಿಡುವವರು ಅನುಕರಣಶಬ್ದಗಳ ಪ್ರಯೋಗದಲ್ಲಿ ಇದಕ್ಕೆ ಸಮನಾದುದನ್ನು ಪ್ರೌಢಕಾವ್ಯದಲ್ಲಿ ತೋರಿಸಬೇಕಾಗುತ್ತದೆ.

ಗದ್ಯದಲ್ಲಿಯೂ ಇದೇ ವಿವೇಕ. ‘ಮೂರು ಕರಡಿಗಳು’ ಇಂಗ್ಲಿಷಿನಿಂದ ಬಂದ ಕತೆ. ಕನ್ನಡಕ್ಕೆ ಬಂದಾಗ ಅದು ನೆಂಟನಂತೆ ಬಂದಿಲ್ಲ, ಮನೆಯವನಂತೆ ಬಂದಿದೆ. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬುದು ಪ್ರಶ್ನೆಗೆ ಪ್ರಶ್ನೆಯನ್ನು ಕೊಂಡಿಯಾಗಿಸಿದ ಸರಪಳಿ ಕತೆ. ವಾಕ್ಯವು ಚಿಕ್ಕದು, ಪುನರಾವೃತ್ತಿ ಹೆಚ್ಚು. ಆದರೂ ಮುಂದೇನೆಂಬ ಕುತೂಹಲ ಕುಂದದು. ಪಾಠಪುಸ್ತಕದ ಕಟ್ಟಳೆಯೇ ಇಲ್ಲಿ ಕತೆಯ ರಚನೆಯಾಗಿದೆ. ತುಳು ಪಾಡ್ದನಗಳ ವೀರರನ್ನು ಕನ್ನಡ ಗದ್ಯಕ್ಕೆ ತಂದ ‘ಕೋಟಿ ಚೆನ್ನಯ’ವಂತೂ ಮಕ್ಕಳು ಮನೆಯಲ್ಲಿ ಕೇಳಿದುದನ್ನೇ ಶಾಲೆಯ ಭಾಷೆಯಲ್ಲಿ ಅವರಿಗೆ ಮರಳಿ ಕೊಡುವ ಕೃತಿ. ಹೀಗೆ ಕೊಡುವಲ್ಲಿ ಮನೆಮಾತಿನ ಅವಜ್ಞೆ ಇಲ್ಲವೆಂಬುದು ಗಮನಾರ್ಹ.

ಪಂಜೆಯವರ ಎಲ್ಲ ಬರಹವೂ ಈ ಮಟ್ಟದ್ದೆಂದು ನಾವು ಹೇಳುವುದಿಲ್ಲ. ನೀತಿಯನ್ನು ಹೇಳಲೇಬೇಕೆಂಬ ಹಟ ಬಂದಲ್ಲಿ ಪದ್ಯ ಸೊರಗುತ್ತದೆ. ಅಲ್ಲಿ ಇನ್ಸ್‌ಪೆಕ್ಟರರು ಕವಿಯನ್ನು ಹಿಂದಿಕ್ಕುತ್ತಾರೆ. ಆದರೆ ಉತ್ತಮ ರಚನೆಗಳಲ್ಲಿ ಸಂಪಾದಕನ ಮಿತಿ, ಉಪಾಧ್ಯಾಯನ ಅನುಭವ, ಕವಿಯ ಕಿವಿ ಈ ಮೂರೂ ಬೇರ್ಪಡಿಸಲಾಗದಂತೆ ಬೆರೆತಿವೆ. ‘ಕವಿಶಿಷ್ಯ’ ಎಂಬ ಕಾವ್ಯನಾಮವನ್ನಿಟ್ಟುಕೊಂಡು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಈ ಹಿರಿಯರು ತಮ್ಮ ಶಕ್ತಿಯ ಬಹುಭಾಗವನ್ನು ಮಕ್ಕಳಿಗೇ ಮೀಸಲಿಟ್ಟರು.

ಕನ್ನಡವನ್ನು ಶಾಲೆಯಲ್ಲಿ ಮೊದಲು ಎದುರುಗೊಳ್ಳುವ ಮಕ್ಕಳು ಇಂದಿಗೂ ಅನೇಕರಿದ್ದಾರೆ. ಅವರ ಕೈಗೆ ಎಂಥ ಪುಸ್ತಕವನ್ನು ಕೊಡುತ್ತೇವೆಂಬುದು ಭಾಷೆಯ ಅಳಿವು ಉಳಿವಿನ ಪ್ರಶ್ನೆ. ಪಾಠಪುಸ್ತಕವನ್ನು ಸಾಹಿತ್ಯದ ಕೆಳಗಿನ ಮೆಟ್ಟಿಲೆಂದು ಎಣಿಸುವ ನಾವು ಪಂಜೆಯವರನ್ನು ಮತ್ತೊಮ್ಮೆ, ಈ ಬಾರಿ ವಿಮರ್ಶಕರ ಎಚ್ಚರದಿಂದ, ಓದಬೇಕಾಗಿದೆ.